ದೊಡ್ಡವರಿಗೆ ಅಕ್ಷರ ಕಲಿಸಲು ಹೊರಟವರು ಸರ್ಕಾರದ ನೆರವು ಪಡೆಯುವುದು ಹೇಗೆ

ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಓದು ಬರಹ ಬಾರದ ದೊಡ್ಡವರಿಗೆ ಸಂಜೆ ತರಗತಿ ನಡೆಸಬೇಕೆಂದು ಹೊರಟವರು ಮೊದಲು ಕೇಳುವುದು ಸರ್ಕಾರ ಎಷ್ಟು ಹಣ ಕೊಡುತ್ತದೆ ಎಂಬುದನ್ನು. ಅದಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನವ ಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ, ಅಂದರೆ ‘ಉಲ್ಲಾಸ್’ ಎಂದು ಕರೆಯಲಾಗುವ ಯೋಜನೆಗೆ, 2022ರಿಂದ 2027ರವರೆಗಿನ ಐದು ಆರ್ಥಿಕ ವರ್ಷಗಳಿಗೆಂದು ನಿಗದಿಯಾದ ಮೊತ್ತ 1037.90 ಕೋಟಿ ರೂಪಾಯಿ. ಅದರಲ್ಲಿ 700 ಕೋಟಿ ಕೇಂದ್ರದ ಪಾಲು, ಉಳಿದದ್ದು ರಾಜ್ಯಗಳದ್ದು. ಗುರಿ ಐದು ಕೋಟಿ ಕಲಿಕಾರ್ಥಿಗಳು. ಭಾಗಿಸಿ ನೋಡಿದರೆ ಒಬ್ಬರ ಪಾಲಿಗೆ ಸುಮಾರು 208 ರೂಪಾಯಿ ಬೀಳುತ್ತದೆ, ಅದೂ ಪುಸ್ತಕ, ತರಬೇತಿ, ಪರೀಕ್ಷೆ, ಆಡಳಿತ ಎಲ್ಲವೂ ಸೇರಿ. ಕಲಿಸುವವರಿಗೆ ಸಂಬಳವಿಲ್ಲ; ಇಡೀ ಯೋಜನೆ ನಿಂತಿರುವುದೇ ಸ್ವಯಂಸೇವೆಯ ಮೇಲೆ.

ಊರಿನ ಹಿರಿಯರಿಗೆ ಹಿಂದಿನ ನೆನಪುಗಳಿರುತ್ತವೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ನಡೆದ ಆಂದೋಲನದಲ್ಲಿ ಬೀದಿ ನಾಟಕ, ಜಾಥಾ, ಲಾಟೀನಿನ ಬೆಳಕಿನ ತರಗತಿಗಳಿದ್ದವು. 2009ರ ಸೆಪ್ಟೆಂಬರ್ 8ರಂದು ಆರಂಭವಾಗಿ 2018ರ ಮಾರ್ಚಿನವರೆಗೆ ನಡೆದ ಸಾಕ್ಷರ ಭಾರತ ಯೋಜನೆಯಲ್ಲಿ ಪಂಚಾಯಿತಿಯ ಕೇಂದ್ರಕ್ಕೆ ಅದನ್ನು ನಡೆಸಿಕೊಂಡು ಹೋಗುವ ಇಬ್ಬರು ಪ್ರೇರಕರಿದ್ದು, ಅವರಿಗೆ ತಿಂಗಳಿಗೆ ತಲಾ 2000 ರೂಪಾಯಿ ಗೌರವಧನ ಸಿಗುತ್ತಿತ್ತು. ಈಗ ಆ ಪ್ರೇರಕರ ಹುದ್ದೆಯೇ ಇಲ್ಲ. ಕಲಿಸಲು ಒಪ್ಪಿದ ಹುಡುಗ ಹುಡುಗಿಯರಿಗೆ ಇದನ್ನು ಮೊದಲ ದಿನವೇ ತಿಳಿಸಿರಿ. ತಿಳಿಸದೆ ಶುರುಮಾಡಿದರೆ ಮೂರನೆಯ ತಿಂಗಳಿಗೆ ಮುನಿಸು ಬಂದೇ ಬರುತ್ತದೆ, ಮತ್ತು ಆ ಮುನಿಸಿನಲ್ಲಿ ನ್ಯಾಯವೂ ಇರುತ್ತದೆ.

ಹಾಗಾದರೆ ಸರ್ಕಾರ ಕೊಡುವುದೇನು? ಕಲಿಕಾರ್ಥಿಯ ಹೆಸರನ್ನು ಅಧಿಕೃತವಾಗಿ ದಾಖಲಿಸಿಕೊಳ್ಳುತ್ತದೆ, ಪಠ್ಯ ಒದಗಿಸುತ್ತದೆ, ಶಾಲೆಯ ಕೊಠಡಿಯ ಬಾಗಿಲು ತೆರೆಯುತ್ತದೆ, ಪರೀಕ್ಷೆ ನಡೆಸುತ್ತದೆ, ತೇರ್ಗಡೆಯಾದವರಿಗೆ ಪ್ರಮಾಣಪತ್ರ ನೀಡುತ್ತದೆ. ಇವೆಲ್ಲವೂ ದೊರೆಯುವುದು ದಾಖಲೆಯ ಆಧಾರದ ಮೇಲೆ. ಇಲ್ಲಿ ಬಂಡವಾಳವೆಂದರೆ ನಿಮ್ಮ ಹಾಜರಿ ಪುಸ್ತಕ. ಮುಂದೆ ಯಾರಾದರೂ ನಿಮ್ಮ ಕೇಂದ್ರದ ಬಗ್ಗೆ ಅಧ್ಯಯನ ಮಾಡುವುದಾದರೆ ಅವರಿಗೆ ಬೇಕಾಗುವುದೂ ಅದೇ ಪುಸ್ತಕ. ಆದ್ದರಿಂದ ಈ ಬರಹದುದ್ದಕ್ಕೂ ದಾಖಲೆಯ ಮಾತು ಮತ್ತೆ ಮತ್ತೆ ಬರುತ್ತದೆ.

ಮೊದಲು ಹೋಗಬೇಕಾದದ್ದು ಗ್ರಾಮ ಪಂಚಾಯಿತಿಗೆ

ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ಅದರ 19ನೆಯ ವಿಷಯ ವಯಸ್ಕರ ಮತ್ತು ಅನೌಪಚಾರಿಕ ಶಿಕ್ಷಣ, 20ನೆಯದು ಗ್ರಂಥಾಲಯ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮವೂ ವಯಸ್ಕರ ಸಾಕ್ಷರತೆಗೆ ಉತ್ತೇಜನ ನೀಡುವುದನ್ನು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿಸಿದೆ. ಹೀಗಿರುವಾಗ ನೀವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರ ಎದುರು ಕುಳಿತು ಕೇಳುವುದು ಉಪಕಾರವನ್ನಲ್ಲ. ಆದರೂ ಕಾನೂನು ಹೇಳಿ ಮಾತು ಆರಂಭಿಸುವುದು ನಮ್ಮ ಕಡೆಯ ರೀತಿಯಲ್ಲ. ಮೊದಲು ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ವಿಷಯ ತಿಳಿಸಿ, ಆಮೇಲೆ ಲಿಖಿತ ಮನವಿ ಕೊಡುವುದು ಲೇಸು.

ಮನವಿಯಲ್ಲಿ ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಕೇಳಿರಿ: ಸಂಜೆಯ ಹೊತ್ತು ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರವನ್ನೋ ಶಾಲೆಯ ಕೊಠಡಿಯನ್ನೋ ಬಳಸಲು ಅನುಮತಿ, ದೀಪ ಮತ್ತು ಕಪ್ಪುಹಲಗೆಯಂತಹ ಸಣ್ಣ ವೆಚ್ಚವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದ ಭರಿಸುವ ನಿರ್ಣಯ, ಮತ್ತು ಮುಂದಿನ ಗ್ರಾಮ ಸಭೆಯಲ್ಲಿ ಈ ವಿಷಯದ ಮಂಡನೆ. ಮೌಖಿಕ ಒಪ್ಪಿಗೆ ಎಷ್ಟೇ ಸಂತೋಷದಿಂದ ದೊರೆತರೂ ನಿರ್ಣಯದ ಪ್ರತಿಯನ್ನು ಪಡೆಯದೆ ಬರಬೇಡಿ, ಏಕೆಂದರೆ ಪಿಡಿಒ ಅವರ ವರ್ಗಾವಣೆಯಾದ ಮರುದಿನ ಆ ಒಪ್ಪಿಗೆಗೆ ಸಾಕ್ಷಿಯೇ ಇರುವುದಿಲ್ಲ.

ಈ ಕಾರ್ಯಕ್ರಮವನ್ನು ಜಾರಿಗೊಳಿಸುವ ಘಟಕ ಶಾಲೆಯಾದ್ದರಿಂದ ಎರಡನೆಯ ಭೇಟಿ ಊರಿನ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರದು. ಮೂರನೆಯದು ಜಿಲ್ಲಾ ಕೇಂದ್ರದಲ್ಲಿರುವ ವಯಸ್ಕರ ಶಿಕ್ಷಣಾಧಿಕಾರಿಯವರ ಕಚೇರಿ. ರಾಜ್ಯ ಮಟ್ಟದಲ್ಲಿ ಲೋಕ ಶಿಕ್ಷಣ ನಿರ್ದೇಶನಾಲಯ ಇದನ್ನು ನೋಡಿಕೊಳ್ಳುತ್ತದೆ. ಕಳಸದಿಂದಲೋ ಸಕಲೇಶಪುರದ ಘಟ್ಟದ ಅಂಚಿನಿಂದಲೋ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಒಂದು ದಿನವೇ ಹಿಡಿಯುವುದರಿಂದ ಪಂಚಾಯಿತಿಯ ನಿರ್ಣಯ, ಕಲಿಕಾರ್ಥಿಗಳ ಪಟ್ಟಿ, ಬೋಧಕರ ಪಟ್ಟಿ ಮೂರನ್ನೂ ಒಂದೇ ಸಲ ಕೊಂಡೊಯ್ಯಿರಿ. ಕೊಟ್ಟ ಕಾಗದದ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಕಲಿಯಬೇಕಾದವರನ್ನು ಹುಡುಕುವುದು

2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯ ಸಾಕ್ಷರತೆ ಶೇ 76, ಚಿಕ್ಕಮಗಳೂರಿನದು ಶೇ 79. ಹೆಂಗಸರನ್ನಷ್ಟೇ ತೆಗೆದುಕೊಂಡರೆ ಹಾಸನದಲ್ಲಿ ಸುಮಾರು ಶೇ 69, ಚಿಕ್ಕಮಗಳೂರಿನಲ್ಲಿ ಸುಮಾರು ಶೇ 73. ಈ ಅಂಕಿಗಳನ್ನು ನೋಡಿ ಸಮಾಧಾನಪಡುವ ಮುನ್ನ ಒಂದು ಮಾತು ನೆನಪಿಡಬೇಕು. ಜನಗಣತಿ ಲೆಕ್ಕ ಹಾಕುವುದು ಏಳು ವರ್ಷ ಮೇಲ್ಪಟ್ಟ ಎಲ್ಲರನ್ನು ಸೇರಿಸಿ. ಶಾಲೆಗೆ ಹೋಗುವ ಮಕ್ಕಳೂ ಅದರಲ್ಲಿರುವುದರಿಂದ ನಲವತ್ತು ದಾಟಿದ ಹೆಂಗಸರ ನಿಜವಾದ ಸ್ಥಿತಿ ಈ ಸರಾಸರಿಯ ಹಿಂದೆ ಮರೆಯಾಗುತ್ತದೆ.

ನಿಮ್ಮ ಊರಿನ ಲೆಕ್ಕ ಬೇಕೆಂದರೆ ಜನಗಣತಿಯ ಪ್ರಾಥಮಿಕ ಸಾರಾಂಶದಲ್ಲಿ ಪ್ರತಿ ಗ್ರಾಮದ ಸಾಕ್ಷರರ ಮತ್ತು ಅನಕ್ಷರಸ್ಥರ ಸಂಖ್ಯೆ ಸಿಗುತ್ತದೆ. ಅಲ್ಲಿ ಅನಕ್ಷರಸ್ಥರ ಕಾಲಂನಲ್ಲಿ ಆರು ವರ್ಷದೊಳಗಿನ ಮಕ್ಕಳೂ ಸೇರಿರುತ್ತಾರೆ. ಅದೇ ಕೋಷ್ಟಕದಲ್ಲಿರುವ ಸೊನ್ನೆಯಿಂದ ಆರು ವರ್ಷದವರ ಸಂಖ್ಯೆಯನ್ನು ಕಳೆಯದೆ ಮನವಿಯಲ್ಲಿ ಬರೆದರೆ, ತೊಟ್ಟಿಲಿನ ಕೂಸನ್ನೂ ಅನಕ್ಷರಸ್ಥರ ಪಟ್ಟಿಗೆ ಸೇರಿಸಿದಂತಾಗುತ್ತದೆ. ಹಾಗೆ ಬರೆದ ಮನವಿಗಳನ್ನು ನಾನು ನೋಡಿದ್ದೇನೆ.

ಪುಸ್ತಕದ ಲೆಕ್ಕ ಆದ ಮೇಲೆ ಮನೆ ಮನೆಗೆ ಹೋಗಬೇಕು. ಓದು ಬರಹ ಬಾರದ, ಹದಿನೈದು ವರ್ಷ ತುಂಬಿದವರೆಲ್ಲರೂ ಯೋಜನೆಗೆ ಅರ್ಹರು. “ನಿಮಗೆ ಓದೋಕೆ ಬರುತ್ತಾ?” ಎಂದು ಅಂಗಳದಲ್ಲಿ ನಿಂತು ಕೇಳಿದರೆ ಮಕ್ಕಳ ಮುಂದೆ, ಸೊಸೆಯ ಮುಂದೆ ‘ಬರುವುದಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಸಹಿ ಹಾಕಲು ಕಲಿತ ಎಷ್ಟೋ ಜನರಿಗೆ ಸಹಿಯ ಹೊರತು ಬೇರೇನೂ ಬಾರದು. ಹೆಬ್ಬೆಟ್ಟಿನ ಅವಮಾನದಿಂದ ಪಾರಾಗಲು ಕಲಿತ ಚಿತ್ರ ಅದು, ಅಕ್ಷರವಲ್ಲ. ನಾನು ಅನುಸರಿಸುವ ದಾರಿ ಹೀಗಿದೆ: ಡೇರಿಗೆ ಹಾಲು ಹಾಕುವ ಮನೆಯಲ್ಲಿ ಆ ವಾರದ ಹಾಲಿನ ಚೀಟಿಯನ್ನು ತರಿಸಿ, “ಅಕ್ಕ, ಇದರಲ್ಲಿ ಫ್ಯಾಟ್ ಎಷ್ಟು ಬಂದಿದೆ, ದುಡ್ಡು ಎಷ್ಟು ಹಾಕಿದ್ದಾರೆ ನೋಡಿ ಹೇಳಿ” ಎನ್ನುತ್ತೇನೆ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಕೂಲಿಯ ಚೀಟಿಯನ್ನು ಕೇಳುತ್ತೇನೆ. ಉತ್ತರ ತಾನಾಗಿಯೇ ಹೊರಬರುತ್ತದೆ, ಅವಮಾನವೂ ಆಗುವುದಿಲ್ಲ, ಜೊತೆಗೆ ಕಲಿಯುವುದರಿಂದ ಏನು ಲಾಭ ಎಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ತೋಟದ ಲೈನ್‌ಗಳಲ್ಲಿ ಭಾಷೆಯ ಪ್ರಶ್ನೆಯೂ ಏಳುತ್ತದೆ. ತಲೆಮಾರುಗಳಿಂದ ಇಲ್ಲೇ ನೆಲೆಸಿದ ತಮಿಳು ಮನೆಮಾತಿನ ಕುಟುಂಬಗಳವರು, ಮಕ್ಕಳು ಕನ್ನಡ ಶಾಲೆಗೆ ಹೋಗುವುದರಿಂದ, ಬಹುಪಾಲು ಕನ್ನಡವನ್ನೇ ಕೇಳುತ್ತಾರೆ. ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ಬಂದು ಕೊಯ್ಲಿನ ನಂತರ ಹೊರಟುಹೋಗುವವರ ಸಂಗತಿ ಬೇರೆ. ಜನಗಣತಿಯ ವ್ಯಾಖ್ಯೆಯಲ್ಲಿ ಯಾವ ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಿ ಬರೆದರೂ ಸಾಕ್ಷರರೇ. ಉಲ್ಲಾಸ್‌ನ ಸಾಮಗ್ರಿ ಸರ್ಕಾರದ ಶೈಕ್ಷಣಿಕ ಜಾಲತಾಣವಾದ ದೀಕ್ಷಾದಲ್ಲಿ ಹಲವು ಭಾಷೆಗಳಲ್ಲಿದೆ. ಅವರಲ್ಲೇ ಓದು ಬಲ್ಲ ಒಬ್ಬರನ್ನು ಬೋಧಕರನ್ನಾಗಿ ಮಾಡುವುದು ಮೇಲು.

ಪಟ್ಟಿ ಸಿದ್ಧವಾದ ಮೇಲೆ ಹೆಸರುಗಳನ್ನು 2023ರಲ್ಲಿ ಬಿಡುಗಡೆಯಾದ ಉಲ್ಲಾಸ್ ಆ್ಯಪ್‌ನಲ್ಲಿ ನೋಂದಾಯಿಸಬೇಕು. ಸಮೀಕ್ಷಕರೂ ಇದನ್ನು ಮಾಡಬಹುದು, ಕಲಿಯುವವರು ನೇರವಾಗಿಯೂ ಮಾಡಿಕೊಳ್ಳಬಹುದು. ಪ್ರತಿ ಕಲಿಕಾರ್ಥಿಯನ್ನು ಒಬ್ಬ ಸ್ವಯಂಸೇವಕ ಬೋಧಕರ ಜೊತೆ ಜೋಡಿಸಬೇಕಾಗುತ್ತದೆ. ಮನೆಯವರೇ ಮನೆಯವರಿಗೆ ಕಲಿಸಲು ಅವಕಾಶವಿದೆ. ನನ್ನ ಅನುಭವದಲ್ಲಿ ಸೊಸೆ ಅತ್ತೆಗೆ ಕಲಿಸುವುದು ನಾಲ್ಕು ದಿನವೂ ನಡೆಯುವುದಿಲ್ಲ. ಮೊಮ್ಮಗಳು ಅಜ್ಜಿಗೆ ಕಲಿಸುವುದು ಚೆನ್ನಾಗಿಯೇ ನಡೆಯುತ್ತದೆ. ಮಲೆನಾಡಿನ ಒಳಭಾಗದಲ್ಲಿ ಸಿಗ್ನಲ್ ಸಿಗದ ಕಡೆ ಹೆಸರುಗಳನ್ನು ಮೊದಲು ಪುಸ್ತಕದಲ್ಲಿ ಬರೆದುಕೊಂಡು ಪೇಟೆಗೆ ಬಂದಾಗ ತುಂಬುವುದು ಅನಿವಾರ್ಯ. ಆ ಪುಸ್ತಕವನ್ನು ಎಸೆಯಬೇಡಿ.

ಯಾವ ತಿಂಗಳಲ್ಲಿ ಆರಂಭಿಸಬೇಕು

ವಯಸ್ಕರ ಪ್ರಾಥಮಿಕ ಕಲಿಕೆಗೆ ಸುಮಾರು 200 ಗಂಟೆ ಎಂಬ ಲೆಕ್ಕ ಹಳೆಯ ಸಾಕ್ಷರತಾ ಆಂದೋಲನದ ಕಾಲದಿಂದಲೂ ಬಂದಿದೆ. ದಿನಕ್ಕೆ ಒಂದೂವರೆ ಗಂಟೆಯಂತೆ ವಾರಕ್ಕೆ ಆರು ದಿನ ನಡೆಸಿದರೆ ಇಪ್ಪತ್ತೆರಡು ವಾರಕ್ಕೂ ಮೇಲೆ, ಅಂದರೆ ಐದು ತಿಂಗಳಿಗೆ ಸ್ವಲ್ಪ ಹೆಚ್ಚು ಬೇಕು. ನಮ್ಮ ಎರಡು ಜಿಲ್ಲೆಗಳಲ್ಲಿ ಎಡೆಬಿಡದೆ ಐದು ಬಿಡುವಿನ ತಿಂಗಳು ಸಿಗುವುದೇ ಇಲ್ಲ ಎಂಬುದು ಈ ಕೆಲಸದ ದೊಡ್ಡ ತೊಡಕು.

ಇದನ್ನು ನಾನು ಕಲಿತದ್ದು ಕೆಟ್ಟು. ಮೂಡಿಗೆರೆ ಕಡೆಯ ಒಂದು ತೋಟದ ಲೈನ್‌ನಲ್ಲಿ ಅಕ್ಟೋಬರಿನಲ್ಲಿ ಹದಿನಾಲ್ಕು ಹೆಂಗಸರೊಂದಿಗೆ ತರಗತಿ ಆರಂಭಿಸಿದೆ. ಮಳೆ ನಿಂತಿತ್ತು, ಉತ್ಸಾಹವಿತ್ತು, ನವೆಂಬರಿನ ಕೊನೆಯವರೆಗೆ ಒಬ್ಬರೂ ತಪ್ಪಿಸಲಿಲ್ಲ. ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ಬಿರುಸಾಯಿತು. ಬೆಳಗಿನಿಂದ ಸಂಜೆಯವರೆಗೆ ಹಣ್ಣು ಕೊಯ್ದು, ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಚೀಲ ತೂಗಿಸಿ, ಮನೆಗೆ ಬಂದು ಒಲೆ ಹಚ್ಚುವವರ ಕೈಗೆ ಬಳಪ ಕೊಡುವುದು ನನಗೇ ನಾಚಿಕೆಯೆನಿಸಿತು. ಹಿಂದೆಯೇ ರೊಬಸ್ಟಾ ಬಂತು. ಮಾರ್ಚಿನ ಹೊತ್ತಿಗೆ ಉಳಿದವರು ಮೂವರು, ಮತ್ತು ಆ ಮೂವರ ಹೆಸರನ್ನೂ ನಾನು ಸಕಾಲದಲ್ಲಿ ನೋಂದಾಯಿಸದೆ ಇದ್ದುದರಿಂದ ಅವರಿಗೆ ಆ ಸಲದ ಪರೀಕ್ಷೆ ತಪ್ಪಿತು. ಹದಿನಾಲ್ಕು ಜನರಲ್ಲಿ ಯಾರು ಯಾವ ವಾರ ಬಿಟ್ಟರೆಂಬುದನ್ನು ಬರೆದಿಟ್ಟಿದ್ದರೆ ಮುಂದಿನ ವರ್ಷಕ್ಕೆ ಅದೇ ಪಾಠವಾಗುತ್ತಿತ್ತು; ಬರೆದಿಡಲಿಲ್ಲ.

ಈಗ ನಾನು ಕಾಫಿ ಸೀಮೆಯಲ್ಲಿ ಕಲಿಕೆಯನ್ನು ಎರಡು ಕಂತಾಗಿ ಹೊಂದಿಸುತ್ತೇನೆ: ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಒಂದು, ಸೆಪ್ಟೆಂಬರಿನಿಂದ ನವೆಂಬರ್ ನಡುವಿನವರೆಗೆ ಇನ್ನೊಂದು. ನಡುವಿನ ಮಳೆಗಾಲದಲ್ಲಿ ವಾರಕ್ಕೊಮ್ಮೆ ಲೈನ್ ಮನೆಯಲ್ಲೇ ಕುಳಿತು ಹಳೆಯ ಪಾಠ ಓದಿಸಿದರೆ ಸಾಕು. ಅರಸೀಕೆರೆ, ಕಡೂರಿನಂತಹ ಬಯಲು ಸೀಮೆಯಲ್ಲಿ ರಾಗಿ ಒಕ್ಕಣೆ ಮುಗಿದ ಮೇಲೆ ಬೇಸಿಗೆಯ ಉದ್ದಕ್ಕೂ ಜನ ಸಿಗುತ್ತಾರೆ. ಹಾಸನದ ಸುತ್ತ ಆಲೂಗಡ್ಡೆ ಬೆಳೆಯುವ ಹಳ್ಳಿಗಳಲ್ಲಿ ಬಿತ್ತನೆಯ ಮೇ–ಜೂನ್ ತಿಂಗಳನ್ನೂ, ಕೀಳುವ ಸಮಯವನ್ನೂ ಬಿಡಬೇಕು.

ಕಲಿಸುವ ವಿಚಾರ

ಬೋಧನೆಯ ಬಗ್ಗೆ ಹೆಚ್ಚು ಹೇಳಲಾರೆ, ತರಬೇತಿಯಲ್ಲಿ ಹೇಳುತ್ತಾರೆ. ಅಆಇಈ ಕ್ರಮದಲ್ಲಿ ಆರಂಭಿಸಬೇಡಿ ಎಂಬುದೊಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸುವ ಹೊತ್ತಿಗೆ ದೊಡ್ಡವರ ತಾಳ್ಮೆ ಮುಗಿದಿರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡುವ ಪದ್ಧತಿಯಿದೆ. ಕೈ ತಿರುಗಿಸಲು ಸುಲಭವಾದ ಈ ಐದರಿಂದಲೇ ಮೊದಲ ವಾರ ದರ, ಸರ, ಅಗಸ, ಗರಗಸ ಎಂಬ ಪದಗಳನ್ನು ಓದಿಸಬಹುದು. ಮಾರುಕಟ್ಟೆಯ ಹಲಗೆಯ ಮೇಲಿರುವ ‘ದರ’ ಎಂಬ ಎರಡಕ್ಷರವನ್ನು ಹಾಸನದ ಸಂತೆಯಲ್ಲಿ ತಾನಾಗಿ ಗುರುತಿಸಿದ ರೈತ ಮರುದಿನ ತರಗತಿಗೆ ಎಲ್ಲರಿಗಿಂತ ಮೊದಲು ಬರುತ್ತಾನೆ. ಒತ್ತಕ್ಷರಕ್ಕೆ ಸಮಯ ಕೊಡಿ. ಅಲ್ಲಿ ಎಲ್ಲರೂ ಎಡವುತ್ತಾರೆ.

ಕಣ್ಣಿನ ಮಾತನ್ನು ಮರೆಯಬೇಡಿ. ನಲವತ್ತೈದು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಜೀವನದಲ್ಲಿ ಎಂದೂ ಓದದವರಿಗೆ ಆ ಮಸುಕು ಗೊತ್ತೇ ಆಗಿರುವುದಿಲ್ಲ. ತಲೆಗೆ ಹತ್ತುತ್ತಿಲ್ಲ ಎಂದು ಬಿಟ್ಟುಹೋಗುವವರಲ್ಲಿ ಅನೇಕರಿಗೆ ಬೇಕಾಗಿರುವುದು ಕನ್ನಡಕ. ತರಗತಿ ಆರಂಭವಾಗುವ ಮೊದಲೇ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಪತ್ರ ಬರೆದು ಊರಿನಲ್ಲೇ ತಪಾಸಣೆ ಏರ್ಪಡಿಸಲು ಕೇಳಿರಿ.

ಪರೀಕ್ಷೆ ಮತ್ತು ಅದರ ಮುಂದೆ

ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದ ಪರೀಕ್ಷೆ 150 ಅಂಕಗಳದು. ಓದು, ಬರಹ, ಲೆಕ್ಕ ಮೂರಕ್ಕೂ ತಲಾ 50. ಪ್ರತಿ ಭಾಗದಲ್ಲೂ ಶೇ 33, ಅಂದರೆ 17 ಅಂಕ ಬೇಕು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳೂ ಕೇಂದ್ರಗಳಾಗಿರುತ್ತವೆ. ಪ್ರಮಾಣಪತ್ರ ಬರುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ. ನಮ್ಮವರು ಲೆಕ್ಕದಲ್ಲಿ ಗಟ್ಟಿ. ಬಾಯಿಲೆಕ್ಕದಲ್ಲಿ ಚೀಟಿ ವ್ಯವಹಾರ ನಡೆಸುವವರಿಗೆ ಅಂಕಿ ಬರೆಯುವ ರೂಢಿಯೊಂದನ್ನು ಮಾಡಿಸಿದರೆ ಸಾಕು. ಕಷ್ಟವಾಗುವುದು ಬರಹ. ಪರೀಕ್ಷೆಗೆ ಮುನ್ನ ಎರಡು ಸಲವಾದರೂ ಶಾಲೆಯ ಬೆಂಚಿನ ಮೇಲೆ ಕೂರಿಸಿ ಅಂಥದೇ ಪ್ರಶ್ನೆಪತ್ರಿಕೆ ಬರೆಸಿರಿ, ಇಲ್ಲದಿದ್ದರೆ ಗೊತ್ತಿರುವುದೂ ಅಂಜಿಕೆಯಲ್ಲಿ ಮರೆತುಹೋಗುತ್ತದೆ.

ಮುಂದೆ ಓದಲು ಬಯಸುವವರಿಗೆ ಅದೇ ಮುಕ್ತ ಶಾಲಾ ಸಂಸ್ಥೆಯ ಮೂಲ ಶಿಕ್ಷಣದಲ್ಲಿ ಮೂರನೇ, ಐದನೇ, ಎಂಟನೇ ತರಗತಿಗೆ ಸಮನಾದ ಮೂರು ಹಂತಗಳಿವೆ.

ಅಧ್ಯಯನ ಮಾಡುವವರಿಗೆ

ಈ ಜಿಲ್ಲೆಗಳ ವಯಸ್ಕರ ಕಲಿಕೆಯ ಬಗ್ಗೆ ಅಧ್ಯಯನ ನಡೆಸಲು ಹಣಕ್ಕಾಗಿ ಹುಡುಕುವವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಮುಖ್ಯವಾದ ಬಾಗಿಲು. 1969ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ದೊಡ್ಡ ಮತ್ತು ಕಿರು ಸಂಶೋಧನಾ ಯೋಜನೆಗಳಿಗೆ ಅರ್ಜಿ ಕರೆಯುತ್ತದೆ. ಊರಿನ ಸಂಘವೊಂದು ಒಂಟಿಯಾಗಿ ಅರ್ಜಿ ಹಾಕಿ ಗೆಲ್ಲುವುದು ಕಷ್ಟವಾದ್ದರಿಂದ ಹಾಸನದ ವಿಶ್ವವಿದ್ಯಾಲಯ ಆವರಣವಾದ ಹೇಮಗಂಗೋತ್ರಿಯ ಅಧ್ಯಾಪಕರನ್ನೋ, ಚಿಕ್ಕಮಗಳೂರು ಕಡೆಯವರು ಕುವೆಂಪು ವಿಶ್ವವಿದ್ಯಾಲಯದವರನ್ನೋ ಜೊತೆಗೂಡಿಸಿಕೊಳ್ಳಬೇಕು. ಅವರ ಬಳಿ ವಿಧಾನವಿದೆ, ನಿಮ್ಮ ಬಳಿ ಜನರ ವಿಶ್ವಾಸವಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಕೇಳುವುದಾದರೆ ಸಂಘ ನೋಂದಣಿಯಾಗಿರಬೇಕು, ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ ಮತ್ತು 80ಜಿ ನೋಂದಣಿಗಳಿರಬೇಕು, 2021ರಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿರಬೇಕು.

ಹಿಂದಿನ ವರ್ಷಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಮಂದಿ ನೋಂದಾಯಿಸಿದರು, ಎಷ್ಟು ಮಂದಿ ಪರೀಕ್ಷೆಗೆ ಕುಳಿತರು, ಎಷ್ಟು ವೆಚ್ಚವಾಯಿತು ಎಂಬ ಮಾಹಿತಿಯನ್ನು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಮೊದಲು ಕಚೇರಿಗೆ ಹೋಗಿ ಬಾಯಿಮಾತಿನಲ್ಲೇ ಕೇಳಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸವಾಗುತ್ತದೆ.

ಅಧ್ಯಯನಕ್ಕೆ ಬೇಕಾದ ಕನಿಷ್ಠ ದಾಖಲೆಯನ್ನು ತರಗತಿಯ ಮೊದಲ ದಿನವೇ ತೆಗೆಯಬೇಕು. ಪ್ರತಿಯೊಬ್ಬರಿಂದ ಒಂದು ಹಾಳೆಯ ಮೇಲೆ ಅವರಿಗೆ ಬರುವಷ್ಟನ್ನು ಬರೆಸಿ, ದಿನಾಂಕ ಹಾಕಿ ತೆಗೆದಿಡಿ. ಗೀಟು ಎಳೆದರೂ ಸರಿ, ಬಿಳಿ ಹಾಳೆ ಉಳಿದರೂ ಸರಿ. ಹಾಜರಿ ಪುಸ್ತಕದಲ್ಲಿ ಬಾರದ ದಿನದ ಎದುರು ಕಾರಣವನ್ನು ಒಂದು ಪದದಲ್ಲಿ ಬರೆಯಿರಿ: ಕೊಯ್ಲು, ಮಳೆ, ಹೆರಿಗೆ, ಜಾತ್ರೆ, ಜ್ವರ. ಆರು ತಿಂಗಳ ಇಂತಹ ಪುಸ್ತಕವೊಂದು ನೂರು ಪ್ರಶ್ನಾವಳಿಗಳಿಗಿಂತ ಹೆಚ್ಚು ಹೇಳುತ್ತದೆ. ಅದರಲ್ಲಿರುವುದನ್ನು ಅಧ್ಯಯನಕ್ಕೆ ಬಳಸುವುದಾದರೆ ಕಲಿಕಾರ್ಥಿಯ ಒಪ್ಪಿಗೆ ಬೇಕು. ಓದು ಬಾರದವರ ಮುಂದೆ ಒಪ್ಪಿಗೆ ಪತ್ರ ಚಾಚಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯೇ ಅಲ್ಲ. ಅವರ ನಂಬಿಕೆಯ ಒಬ್ಬರ ಎದುರು ಪೂರ್ತಿ ಓದಿ ಹೇಳಿ, ಬೇಡವೆಂದರೂ ತರಗತಿ ನಿಲ್ಲುವುದಿಲ್ಲವೆಂದು ತಿಳಿಸಿ, ಆ ಬಳಿಕ ಕೇಳಬೇಕು. ವರದಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಆಧಾರ್ ಸಂಖ್ಯೆಯನ್ನು ಆ ಪುಸ್ತಕದಲ್ಲಿ ಬರೆಯಲೇಬೇಡಿ.

ಪರೀಕ್ಷೆಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರು ಎಂಬಲ್ಲಿಗೆ ಹೆಚ್ಚಿನ ವರದಿಗಳು ನಿಲ್ಲುತ್ತವೆ. ಬಳಸದ ಅಕ್ಷರ ಮರೆತುಹೋಗುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು; ಎಷ್ಟು ಬೇಗ, ಯಾರಿಗೆ ಎಂಬುದನ್ನು ಊರಿನಲ್ಲಿದ್ದವರು ಮಾತ್ರ ಹೇಳಬಲ್ಲರು. ಆದ್ದರಿಂದ ಪರೀಕ್ಷೆಯಾದ ಆರು ತಿಂಗಳಿಗೆ, ಕೊಯ್ಲು ಆರಂಭವಾಗುವ ಮೊದಲು, ಅದೇ ಮಾದರಿಯ ಪತ್ರಿಕೆಯನ್ನೂ ಆ ವಾರದ ಹಾಲಿನ ಚೀಟಿಯನ್ನೂ ಹಿಡಿದು ಅದೇ ಮನೆಗಳಿಗೆ ಮತ್ತೊಮ್ಮೆ ಹೋಗಿರಿ, ಅರ್ಧಕ್ಕೆ ಬಿಟ್ಟವರ ಮನೆಗೂ ಸೇರಿ. ಮೊದಲ ದಿನದ ಆ ಹಾಳೆಯನ್ನು ಜೊತೆಗೆ ಒಯ್ದು ಅವರಿಗೆ ತೋರಿಸಿ, ಅದರ ಕೆಳಗೇ ಈ ದಿನದ ಬರಹವನ್ನು ಬರೆಸಿಕೊಳ್ಳಿರಿ.